ಅಡಿಕೆ ಸಸಿಗೆ ಕರಗುವ ಕೊಟ್ಟೆ ತರುವ ಮುಂಚೆ ಇದನ್ನು ಓದಿ

ಈ ಸಲ ಅಡಿಕೆ ಸಸಿ ಮಾಡಲು ಮಣ್ಣಲ್ಲಿ ಕರಗುವ ಕೊಟ್ಟೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ತರುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ. ನಾನು ತಂದು 800 ಸಸಿಯಲ್ಲಿ ಅರ್ಧಕ್ಕರ್ಧ ಕಳೆದುಕೊಂಡೆ.

ನಮ್ಮ ತೋಟ ತೀರ್ಥಹಳ್ಳಿ ಹತ್ತಿರ. ಹೋದ ವರ್ಷ ಜನವರಿಯಲ್ಲಿ ಶಿವಮೊಗ್ಗದ ಒಂದು ಅಂಗಡಿಯಿಂದ ತಂದೆ. ಮಾಮೂಲಿ ಕಪ್ಪು ಕೊಟ್ಟೆಯ ದುಪ್ಪಟ್ಟು ರೇಟು. "ಜೋಳದಿಂದ ಮಾಡಿದ್ದು ಸಾರ್, ಕೊಟ್ಟೆ ಸಮೇತ ಗುಂಡಿಗೆ ಇಟ್ಟುಬಿಡಿ" ಎಂದರು. ನೆಡುವಾಗ ಸೀಳುವ ಕೆಲಸ ಇಲ್ಲ, ತೋಟದಲ್ಲಿ ಪ್ಲಾಸ್ಟಿಕ್ ಚೂರು ಉಳಿಯುವುದಿಲ್ಲ. ಆಸೆ ಆಗದೆ ಇರುತ್ತದಾ? ತಂದವನು ಕಟ್ಟು ಬಿಚ್ಚದೆ ಕೊಟ್ಟಿಗೆಯ ಅಟ್ಟಕ್ಕೆ ಎಸೆದೆ. ಮೇಲೆ ತಗಡಿನ ಮಾಡು. ಮಾರ್ಚ್, ಏಪ್ರಿಲ್ ಪೂರ್ತಿ ಅಲ್ಲೇ ಬೆಂದವು. ಇದು ನನ್ನದೇ ತಪ್ಪು, ಒಪ್ಪುತ್ತೇನೆ.

ಜೂನ್‌ನಲ್ಲಿ ಎರಡೆಲೆ ಬಂದ ಸಸಿಗಳನ್ನು ಮಡಿಯಿಂದ ಕಿತ್ತು ಕೊಟ್ಟೆಗೆ ಹಾಕಿದೆವು. ಮಣ್ಣು ತುಂಬುವಾಗಲೇ ಕೆಲವು ಉದ್ದಕ್ಕೆ ಪರ್ ಅಂತ ಸೀಳಿದವು. "ಇದೆಂಥದೋ, ಹಳೇ ಪಂಚೆ ಹರಿದ ಹಾಗೆ ಹರೀತದಲ್ಲ" ಅಂದರು ಅಮ್ಮ. ಆಗಲೇ ನಿಲ್ಲಿಸಬೇಕಿತ್ತು. ದೀಪಾವಳಿ ಹೊತ್ತಿಗೆ ಸಸಿ ಎತ್ತಲು ಹೋದರೆ ಕೊಟ್ಟೆಯ ತಳ ನೆಲದಲ್ಲೇ ಉಳಿಯಿತು. ಮಣ್ಣು ಕುಸಿದು ಬೇರು ಬತ್ತಲೆ. ಅಡಿಕೆ ಸಸಿ ತೋಟದಲ್ಲಿ ನೆಡಲು 12ರಿಂದ 18 ತಿಂಗಳಾಗಬೇಕು, ಅದರಲ್ಲಿ ಹೆಚ್ಚಿನ ಕಾಲ ಕೊಟ್ಟೆಯಲ್ಲೇ. ಈ ಕೊಟ್ಟೆಗಳು ಐದು ತಿಂಗಳೂ ತಡೆಯಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಕರಗೋದೇ ಅದರ ಗುಣ ಅಲ್ವಾ ಸಾರ್" ಎಂದು ಇಟ್ಟರು.

ಹಬ್ಬಕ್ಕೆ ಬಂದಿದ್ದ ಅಕ್ಕನ ಮಗ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತುಗಳ ವಿಜ್ಞಾನ) ಓದಿದವನು. "ಮಾವ, ಇದನ್ನು ಅಟ್ಟದಲ್ಲಿ ಇಟ್ಟಿದ್ರಾ?" ಎಂದು ಮೊದಲೇ ಕೇಳಿದ. ಅವನು ಹೇಳಿದ ಪ್ರಕಾರ ಇಂಥ ಕೊಟ್ಟೆ ಸಾಮಾನ್ಯವಾಗಿ ಎರಡು ಪ್ಲಾಸ್ಟಿಕ್‌ಗಳ ಮಿಶ್ರಣ. ಒಂದು ಪಿಎಲ್ಎ. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಬರುತ್ತದೆ. ಗಟ್ಟಿ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ಇನ್ನೊಂದು ಪಿಬಿಎಟಿ. ಮೆತ್ತಗೆ, ಎಳೆದಷ್ಟು ಬರುತ್ತದೆ. ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಮಾಡುತ್ತಾರೆ. (ಜೋಳದ ಕಥೆ ಅಲ್ಲಿಗೇ ಅರ್ಧ ಮುಗಿಯಿತು.) ಇವೆರಡು ತಾವಾಗಿ ಸರಿಯಾಗಿ ಬೆರೆಯುವುದಿಲ್ಲ. ಬೆಸೆಯುವ ವಸ್ತು ಹಾಕದೆ, ಸುಣ್ಣಕಲ್ಲಿನ ಪುಡಿ ತುಂಬಿ ಅಗ್ಗ ಮಾಡಿದರೆ ಕೂಡಿದ ಜಾಗದಲ್ಲೇ ಬಿಟ್ಟುಕೊಳ್ಳುತ್ತದೆ.

ಅವನು ಹರಳುಗಟ್ಟುವ ವಿಷಯ ಹೇಳುವಾಗ ನನಗೆ ನೆನಪಾದದ್ದು ಜೋನಿ ಬೆಲ್ಲ (ನೀರಾಗಿರುವ ಬೆಲ್ಲ). ಡಬ್ಬದಲ್ಲಿ ಇಟ್ಟರೆ ತಿಂಗಳು ಕಳೆದ ಹಾಗೆ ತಳದಲ್ಲಿ ಹರಳು ಕೂರುತ್ತದಲ್ಲ, ಪಿಎಲ್ಎ ಕೂಡ ಅಷ್ಟೇ ನಿಧಾನ. ಕರಗಿಸಿದ ಪ್ಲಾಸ್ಟಿಕ್ ಊದಿ ಕೊಟ್ಟೆ ಮಾಡುವಾಗ ಬೇಗ ತಣಿಯುವುದರಿಂದ ಅದರ ಎಳೆಗಳಿಗೆ (ಉದ್ದುದ್ದ ಅಣುಗಳಿಗೆ) ಸಾಲಾಗಿ ಕೂತು ಹರಳಾಗಲು ಪುರುಸೊತ್ತಿಲ್ಲ. ಹೆಚ್ಚಿನವು ಸಿಕ್ಕು ಸಿಕ್ಕಾಗಿಯೇ ಗಟ್ಟಿಯಾಗುತ್ತವೆ. 55–60 ಡಿಗ್ರಿ ದಾಟಿದರೆ ಪಿಎಲ್ಎ ಮೆತ್ತಗಾಗುತ್ತದೆ. ಆ ಹತ್ತಿರದ ಬಿಸಿಯಲ್ಲಿ ವಾರಗಟ್ಟಲೆ ಬಿದ್ದಿದ್ದರೂ ಸಾಕು, ಎಳೆಗಳು ಒತ್ತೊತ್ತಾಗಿ ಕೊಟ್ಟೆ ಪೆಡಸಾಗುತ್ತದೆ. ಆಮೇಲೆ ನಮ್ಮ ಮಳೆ. ನೀರು ಮೊದಲು ಕತ್ತರಿಸುವುದು ಸಿಕ್ಕಾಗಿರುವ ಭಾಗವನ್ನು. ಹರಳುಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವುದು ಅದೇ ಭಾಗ. ತುಂಡಾದ ಎಳೆಗಳು ಮತ್ತೆ ಸಾಲಾಗಿ ಕೂತು ಹರಳು ಇನ್ನೂ ಜಾಸ್ತಿಯಾಗುತ್ತದೆ. ನೋಡಲು ಕೊಟ್ಟೆ ಹಾಗೇ ಇರುತ್ತದೆ, ಎಳೆದರೆ ಹಪ್ಪಳ.

ಕೊಟ್ಟೆ ಮೇಲೆ ಐಎಸ್/ಐಎಸ್ಒ 17088 (ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ನ ಮಾನದಂಡ) ಎಂದು ಅಚ್ಚಾಗಿತ್ತು. ಅದನ್ನು ನಂಬಿಯೇ ದುಡ್ಡು ಕೊಟ್ಟಿದ್ದೆ. ಆದರೆ ಆ ಪರೀಕ್ಷೆ ನೋಡುವುದು ಸುಮಾರು 58 ಡಿಗ್ರಿ ಬಿಸಿಯ ಕಾಂಪೋಸ್ಟ್‌ನಲ್ಲಿ 180 ದಿನದೊಳಗೆ ಕೊಳೆಯುತ್ತದಾ ಎಂದು. ಮಣ್ಣು ಹೊತ್ತು ಒಂದು ಮಳೆಗಾಲ ನಿಲ್ಲುತ್ತದಾ ಎಂಬ ಪ್ರಶ್ನೆ ಅದರಲ್ಲಿ ಇಲ್ಲ.

ತಂದೇ ತರುತ್ತೇನೆ ಎನ್ನುವವರು ಮೊದಲು ಹತ್ತೇ ಹತ್ತು ತನ್ನಿ. ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಒಂದು ಕಡೆ ಸುಮ್ನೆ ಸೀಳಿ ಹೋದರೆ ವಾಪಸ್ ಕೊಡಿ. ತಯಾರಾದ ತಿಂಗಳು ಕೇಳಿ, ಹಳೇ ಸ್ಟಾಕ್ ಬೇಡ. ತಂಪು ಜಾಗದಲ್ಲಿ, ಒಣಗಿದ ಕಡೆ ಇಡಿ. ಬಿಲ್ಲಿನಲ್ಲಿ "ನರ್ಸರಿಗೆ, 12 ತಿಂಗಳು" ಎಂದು ಬರೆಸಿ. ಬರೆಯಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಬದುಕಿದ ಸಸಿಗಳನ್ನು ನಾನು ಕಪ್ಪು ಕೊಟ್ಟೆಗೇ ದಾಟಿಸಿದೆ. ಹರಿದ ಕೊಟ್ಟೆಗಳನ್ನು ಅವತ್ತೇ ಗೊಬ್ಬರ ಗುಂಡಿಗೆ ಹಾಕಿದ್ದೆ. ಮೊನ್ನೆ ಗೊಬ್ಬರ ತೆಗೆದರೆ ಚೂರುಗಳು ಹಾಗೇ ಕೂತಿವೆ. ನಮ್ಮ ಗುಂಡಿಗೆ 58 ಡಿಗ್ರಿ ಎಲ್ಲಿಂದ ಬರಬೇಕು?