ಮೂಡಿಗೆರೆ ರಸ್ತೆಯ ಕೆಂಡದ ಕೋಳಿ

ಚಿಕ್ಕಮಗಳೂರಿನಿಂದ ಮೂಡಿಗೆರೆ ಕಡೆಗೆ ಹೊರಟು, ಊರಿನ ಕಟ್ಟಡಗಳು ಮುಗಿದು ತೋಟದ ಬೇಲಿಗಳು ಆರಂಭವಾಗುವಲ್ಲಿ, ತಗಡಿನ ಚಾವಣಿಯ ಒಂದು ಸಣ್ಣ ಹೋಟೆಲಿದೆ. ಅದಕ್ಕೆ ಹೆಸರಿನ ಬೋರ್ಡಿಲ್ಲ. ‘ಕೆಂಡದ ಕೋಳಿ ಸಿಗುತ್ತದೆ’ ಎಂದು ಬರೆದ ಫ್ಲೆಕ್ಸ್ ಒಂದನ್ನು ಗೇಟಿಗೆ ಕಟ್ಟಿದ್ದಾರೆ. ಅದೂ ಮಳೆಗೆ ನೆನೆದು ಅರ್ಧ ಬಣ್ಣ ಬಿಟ್ಟಿದೆ. ಕಳೆದ ಎರಡು ತಿಂಗಳಲ್ಲಿ ನಾನು ಅಲ್ಲಿ ನಾಲ್ಕು ಸಲ ಊಟ ಮಾಡಿದ್ದೇನೆ. ಬಾರ್ಬೆಕ್ಯೂ ಎಂಬ ಪದ ಆ ಹೋಟೆಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆ ಪದವನ್ನು ದೊಡ್ಡದಾಗಿ ಬರೆಸಿಕೊಂಡ ಕಡೆಗಳಲ್ಲಿ ನಾನು ತಿಂದದ್ದಕ್ಕಿಂತ ಇಲ್ಲಿಯದು ಎಷ್ಟೋ ಮೇಲು ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ಆ ಕಡೆಗಳ ವಿಚಾರವನ್ನು ಹೇಳಿ ಮುಗಿಸುತ್ತೇನೆ. ನಗರದೊಳಗಿನ ಒಂದು ರೆಸ್ಟೋರೆಂಟಿನಲ್ಲಿ ಮೇಜಿನ ನಡುವೆ ಅಗ್ಗಿಷ್ಟಿಕೆಯಿಟ್ಟು, ಕಂಬಿಗೆ ಚುಚ್ಚಿದ ಮಾಂಸವನ್ನು ನಮ್ಮೆದುರೇ ಕಾಯಿಸುವ ಏರ್ಪಾಡಿತ್ತು. ನೋಡಲು ಚೆನ್ನಾಗಿತ್ತು, ಮಕ್ಕಳಿಗೂ ಖುಷಿಯಾಯಿತು. ಆದರೆ ತುಂಡುಗಳು ಅಡುಗೆಮನೆಯಲ್ಲಿಯೇ ಬೆಂದು ಬಂದಿದ್ದವು. ಅಗ್ಗಿಷ್ಟಿಕೆಯಲ್ಲಿದ್ದ ನಾಲ್ಕು ಇದ್ದಿಲು ಆ ತುಂಡುಗಳು ತಣ್ಣಗಾಗದಂತೆ ನೋಡಿಕೊಳ್ಳುವುದಕ್ಕಷ್ಟೇ ಸಾಕಾಗುತ್ತಿದ್ದವು. ಇನ್ನೊಂದು ಕಡೆ ಗ್ಯಾಸಿನ ಮೇಲೆ ಸುಟ್ಟು, ಸಿಹಿ ಸಾಸು ಸುರಿದ, ಕುಂಕುಮದಷ್ಟು ಕೆಂಪಾದ ಕೋಳಿಕಾಲುಗಳನ್ನು ತಂದಿಟ್ಟರು. ಅದು ಬ್ಯಾಡಗಿ ಮೆಣಸಿನಕಾಯಿಯ ಕೆಂಪಲ್ಲವೆಂದು ಎರಡು ಸಲ ಸೋಪು ಹಾಕಿ ತೊಳೆದರೂ ಬಿಡದ ಬೆರಳಿನ ಬಣ್ಣವೇ ಹೇಳುತ್ತಿತ್ತು. ಕೋಳಿ ಮತ್ತು ಮೀನಿನ ಕಬಾಬಿಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿಯೇ ನಿಷೇಧಿಸಿದೆ. ಅದಕ್ಕೆ ಮೊದಲು ಪರೀಕ್ಷಿಸಿದ 39 ಮಾದರಿಗಳ ಪೈಕಿ 8ರಲ್ಲಿ ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್‌ನಂಥ ಬಣ್ಣಗಳು ಸಿಕ್ಕಿದ್ದವು. ಆದ್ದರಿಂದ ತಟ್ಟೆ ಅಷ್ಟು ಕೆಂಪಾಗಿ ಬಂದರೆ ನಾನೀಗ ತಿನ್ನುವ ಮೊದಲೇ ಕೇಳಿಬಿಡುತ್ತೇನೆ.

ಅಲ್ ಫಾಹಂ ಅಂಗಡಿಗಳ ಮಾತು ಬೇರೆ. ಗಲ್ಫಿಗೆ ಹೋಗಿಬಂದ ಮಲಯಾಳಿಗಳೂ ಕರಾವಳಿಯವರೂ ತಂದ ಈ ಅರಬ್ಬೀ ಪದ್ಧತಿ ಘಟ್ಟ ಹತ್ತಿ ನಮ್ಮ ಜಿಲ್ಲೆಗೂ ಬಂದಿದೆ. ಫಹಮ್ ಎಂದರೆ ಅರಬ್ಬಿಯಲ್ಲಿ ಇದ್ದಿಲು; ಹೆಸರಿನಲ್ಲಿಯೇ ಇದ್ದಿಲಿರುವುದರಿಂದ ಅದನ್ನು ಮರೆಮಾಚುವುದು ಕಷ್ಟ. ಕೋಳಿಯನ್ನು ಬೆನ್ನಿನಲ್ಲಿ ಸೀಳಿ ಚಪ್ಪಟೆ ಮಾಡಿ, ಎರಡು ಜಾಲರಿಗಳ ನಡುವೆ ಒತ್ತಿ ಸುಡುವ ಕ್ರಮವೂ ಜಾಣತನದ್ದೇ, ಏಕೆಂದರೆ ದಪ್ಪ ಕಡಿಮೆಯಾದಷ್ಟೂ ಎದೆಯ ಭಾಗ ಒಣಗುವ ಮೊದಲೇ ತೊಡೆ ಬೇಯುತ್ತದೆ. ಅರಬ್ಬೀ ರೊಟ್ಟಿಯಾದ ಕುಬ್ಬೂಸಿನ ಜೊತೆ ಚೆನ್ನಾಗಿಯೇ ಇರುತ್ತದೆ. ಮಯೊನೈಸ್ ಇಲ್ಲದಿದ್ದರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ, ಮನೆಯಲ್ಲಿ ಇದಕ್ಕೆ ಯಾರ ಒಪ್ಪಿಗೆಯೂ ಇಲ್ಲ.

ಮೂಡಿಗೆರೆ ರಸ್ತೆಯ ಹೋಟೆಲಿಗೆ ಮರಳುತ್ತೇನೆ. ಅಲ್ಲಿ ಒಲೆ ಹೊರಗೇ ಇದೆ. ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕಾಲು ಕೊಟ್ಟು ನಿಲ್ಲಿಸಿದ್ದಾರೆ. ಪಕ್ಕದಲ್ಲಿ ತಗಡು ಮುಚ್ಚಿದ ಕಟ್ಟಿಗೆಯ ರಾಶಿ ಇರುತ್ತದೆ; ಮರುನಾಟಿಗೆಂದು ತೋಟಗಳಲ್ಲಿ ಕಿತ್ತುಹಾಕಿದ ಹಳೆಯ ರೋಬಸ್ಟಾ ಗಿಡಗಳ ಬೊಡ್ಡೆಗಳೇ ಅದರಲ್ಲಿ ಹೆಚ್ಚು. ಕಾಫಿಯ ಕಟ್ಟಿಗೆ ಗಟ್ಟಿ, ಚೆನ್ನಾಗಿ ಒಣಗಿದ್ದರೆ ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹಸಿ ಕಟ್ಟಿಗೆಯಾದರೆ ಪೂರ್ತಿ ಉರಿಯದೆ ದಟ್ಟ ಹೊಗೆಯೆದ್ದು ಮಾಂಸಕ್ಕೆ ಕಹಿ ಹತ್ತುತ್ತದೆ. ಮೊದಲ ದಿನ ನಾವು ಕುಳಿತಾಗ ಒಲೆಯಲ್ಲಿ ಇನ್ನೂ ಜ್ವಾಲೆಯಿತ್ತು. ‘ಮುಕ್ಕಾಲು ಗಂಟೆ ಆಗುತ್ತೆ ಸಾರ್, ಕಾಯ್ತೀರಾ?’ ಎಂದು ಕೇಳಿದ ಅಡುಗೆಯವರು, ಜ್ವಾಲೆ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕಟ್ಟುವವರೆಗೂ ಕೋಳಿಯನ್ನು ಮುಟ್ಟಲಿಲ್ಲ. ಅಂಗೈಯನ್ನು ಜಾಲರಿಯ ಮೇಲೆ ಹಿಡಿದು ಕಾವು ನೋಡಿದರು. ಕೆಂಡವನ್ನು ಒಂದು ಬದಿಗೆ ದಪ್ಪವಾಗಿ, ಇನ್ನೊಂದು ಬದಿಗೆ ತೆಳ್ಳಗೆ ಸರಿಸಿದರು. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದಾಗಲೆಲ್ಲ ತುಂಡುಗಳನ್ನು ತೆಳುಬದಿಗೆ ಎಳೆದು, ಅರ್ಧ ಹೋಳು ನಿಂಬೆಹಣ್ಣನ್ನು ಕಡ್ಡಿಗೆ ಸಿಕ್ಕಿಸಿ ಎಣ್ಣೆಯಲ್ಲಿ ಅದ್ದಿ ಅದರಿಂದಲೇ ಮೇಲೆಲ್ಲ ಸವರುತ್ತಿದ್ದರು. ನಾನು ಬ್ರಷ್ಷಿನ ಬಗ್ಗೆ ಕೇಳಿದಾಗ, ಅದರ ಕೂದಲು ಕೋಳಿಗೆ ಅಂಟುತ್ತದೆ ಎಂದರು.

ಮಸಾಲೆಯಲ್ಲಿ ಬಣ್ಣವಿಲ್ಲ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ, ನಿಂಬೆರಸ, ಅದರ ಮೇಲೆ ಧಾರಾಳವಾಗಿ ಕಾಳುಮೆಣಸು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ ಊರಿನಲ್ಲಿ ಕಾಳುಮೆಣಸಿಗೆ ಕೈಬಿಗಿ ಹಿಡಿಯುವ ಹೋಟೆಲುಗಳೇಕಿವೆಯೋ ತಿಳಿಯದು, ಇಲ್ಲಿ ಆ ಕೊರತೆಯಿಲ್ಲ. ಚರ್ಮ ಅಲ್ಲಲ್ಲಿ ಕಪ್ಪಾಗಿ ಗರಿಗರಿಯಾಗಿತ್ತು, ತೊಡೆಯ ಕೀಲು ಬಿಡಿಸಿದಾಗ ರಸ ತಿಳಿಯಾಗಿ ಇಳಿಯಿತು, ಮೂಳೆಯ ಬಳಿ ಹಸಿ ಉಳಿದಿರಲಿಲ್ಲ. ಬಳಸುವುದು ಬ್ರಾಯ್ಲರ್ ಕೋಳಿಯನ್ನೇ, ಅದನ್ನು ಮುಚ್ಚಿಡುವುದೂ ಇಲ್ಲ. ನಾಟಿ ಕೋಳಿ ಸಾರಿಗೇ ಸರಿ; ಅದರ ಬಿಗಿ ಮಾಂಸ ನೇರ ಕೆಂಡದಲ್ಲಿ ರಬ್ಬರಾಗುತ್ತದೆ. ಅರ್ಧ ಕೋಳಿಗೆ 280 ರೂಪಾಯಿ, ಜೊತೆಗೆ ಎರಡು ಅಕ್ಕಿರೊಟ್ಟಿ.

ಭಾನುವಾರ ಮಾತ್ರ ಸಿಗುವ ಹಂದಿಯ ಪಕ್ಕೆಲುಬಿನ ಬಗ್ಗೆ ತುಸು ಹೆಚ್ಚು ಹೇಳಬೇಕು. ಅಮೆರಿಕದವರು ಬಾರ್ಬೆಕ್ಯೂ ಎನ್ನುವುದು ಬಹುಮಟ್ಟಿಗೆ ಕಡಿಮೆ ಕಾವಿನಲ್ಲಿ ನಿಧಾನವಾಗಿ ಬೇಯಿಸಿದ ಇಂಥದ್ದನ್ನೇ. ಕೆಂಡದ ನೇರ ಶಾಖದಲ್ಲಿ ಬೇಗ ಸುಡುವುದನ್ನು ಅವರು ಗ್ರಿಲ್ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಟೆಕ್ಸಾಸಿನಲ್ಲಿ ದನದ ಎದೆಭಾಗದ ಮಾಂಸವನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿ, ಸುಮಾರು 110 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಹತ್ತು ಹನ್ನೆರಡು ಗಂಟೆ ಇಡುತ್ತಾರೆ. ಅಷ್ಟು ನಿಧಾನವಾದರೆ ಮಾತ್ರ ಅದರೊಳಗಿನ ಗಟ್ಟಿ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಕ್ಯಾನ್ಸಸ್ ಸಿಟಿಯವರಿಗೆ ಟೊಮೆಟೊ ಮತ್ತು ಕಾಕಂಬಿಯ ಸಿಹಿ ಸಾಸು ಬೇಕು. ನಮ್ಮ ಊರಿನ ಗ್ಯಾಸ್ ಕೋಳಿಯ ಮೇಲೆ ಬಂದು ಕೂತದ್ದು ಅದರ ದೂರದ ನೆಂಟನಿರಬೇಕು. ಮೆಂಫಿಸಿನವರು ಪಕ್ಕೆಲುಬಿಗೆ ಒಣಮಸಾಲೆಯನ್ನೇ ತಿಕ್ಕುವುದುಂಟು. ಪೂರ್ವ ಕರೊಲಿನಾದವರು ಹಂದಿಗೆ ವಿನೆಗರ್ ಮತ್ತು ಮೆಣಸಿನಕಾಯಿಯ ನೀರಾದ ಸಾಸು ಹಾಕುತ್ತಾರೆ. ಮೂಡಿಗೆರೆ ರಸ್ತೆಯ ಅಡುಗೆಯವರು ಇವರ್ಯಾರನ್ನೂ ಕಂಡವರಲ್ಲ. ಆದರೂ ಡ್ರಮ್ಮಿಗೆ ಮುಚ್ಚಳ ಹಾಕಿ, ಕೆಂಡವನ್ನು ಒಂದು ಬದಿಗೆ, ಪಕ್ಕೆಲುಬನ್ನು ಇನ್ನೊಂದು ಬದಿಗೆ ಇಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಯಿಸಿ, ಕೊನೆಗೆ ಕೊಡಗಿನ ಕಾಚಂಪುಳಿ ಸವರುತ್ತಾರೆ. ಹಂದಿಯ ಕೊಬ್ಬಿಗೆ ಹುಳಿ ಬೇಕೆಂಬುದನ್ನು ಕರೊಲಿನಾದವರೂ ಮಲೆನಾಡಿನವರೂ ಒಬ್ಬರನ್ನೊಬ್ಬರು ಕೇಳದೆಯೇ ಕಂಡುಕೊಂಡಿದ್ದಾರೆ. ಮೂಳೆಯಿಂದ ಮಾಂಸ ತಾನಾಗಿ ಕಳಚುವುದಿಲ್ಲ, ಒಂದಿಷ್ಟು ಕಚ್ಚಿ ಎಳೆಯಬೇಕು. ನನಗೆ ಹಾಗಿರುವುದೇ ಇಷ್ಟ.

ಪಟ್ಟಿಯಲ್ಲಿ ನಾನು ಹುಡುಕಿ ನಿರಾಶನಾದದ್ದು ಉಪ್ಪುಕಂಡಕ್ಕಾಗಿ. ಹಾಸನದ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಹೊಸತೊಡಕಿಗೆ ಗುಡ್ಡೆಬಾಡು ತಂದು, ಸಾರಿಗೆ ಬಳಸಿ ಉಳಿದದ್ದಕ್ಕೆ ಉಪ್ಪು, ಅರಿಸಿನ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಗಿಸುತ್ತಿದ್ದರು. ಮಳೆ ಹಿಡಿದ ಮೇಲೆ ಅದನ್ನು ಒಲೆಯ ಕೆಂಡದಲ್ಲಿ ಸುಟ್ಟು, ಬೂದಿ ಕೊಡವಿ, ಒರಳಿನಲ್ಲಿ ಜಜ್ಜಿ ಮುದ್ದೆಯ ಜೊತೆ ಕೊಡುತ್ತಿದ್ದರು. ಹಳ್ಳದ ಏಡಿಯನ್ನು ಕೆಂಡಕ್ಕೆ ಹಾಕಿ ಚಟ್ನಿ ಅರೆಯುವ ಮನೆಗಳು ಈಗಲೂ ಇವೆ. ಇವೆರಡೂ ನಮ್ಮದೇ ಸೀಮೆಯ ಸುಟ್ಟಡುಗೆಗಳು. ಹೋಟೆಲುಗಳಲ್ಲಿ ಮಾತ್ರ ಕಾಣೆ. ಈ ಮಾತನ್ನು ಅಡುಗೆಯವರಿಗೆ ಹೇಳಿದಾಗ, ‘ಉಪ್ಪುಕಂಡ ಕೇಳೋರು ಯಾರಿದ್ದಾರೆ ಸಾರ್? ಬರೋರೆಲ್ಲ ಬೆಂಗಳೂರಿನ ಟ್ರಿಪ್ಪಿನವರು’ ಎಂದು ನಕ್ಕರು.

ದೋಷಗಳಿಲ್ಲವೆಂದಲ್ಲ. ಕಾಯುವುದು ತಪ್ಪುವುದಿಲ್ಲ, ಹಸಿದ ಮಕ್ಕಳನ್ನು ಕರೆದೊಯ್ಯುವವರು ದಾರಿಯಲ್ಲಿ ಏನಾದರೂ ತಿನ್ನಿಸಿಯೇ ಹೋಗಬೇಕು. ಜೊತೆಗೆ ಕೊಡುವ ಪುದೀನ ಚಟ್ನಿ ನೀರುನೀರು. ಕೈತೊಳೆಯುವ ನಲ್ಲಿ ಒಂದೇ, ಅದೂ ಒಲೆಯ ಹೊಗೆ ಬಂದು ಬಡಿಯುವ ಕಡೆಗಿದೆ. ಮೂರನೆಯ ಸಲ ಹೋದಾಗ ಜೋರು ಮಳೆಯಿತ್ತು; ಕಟ್ಟಿಗೆ ನೆನೆದಿತ್ತೇನೋ, ಕೋಳಿಗೆ ಹೊಗೆಯ ಕಹಿ ಹತ್ತಿತ್ತು. ಹೇಳಿದ ಕೂಡಲೇ ತಟ್ಟೆ ತೆಗೆದುಕೊಂಡು ಹೋಗಿ ಬದಲಿಗೆ ಬಾಣಲೆಯಲ್ಲಿ ಹುರಿದ ಕಾಳುಮೆಣಸಿನ ಕೋಳಿ ಕೊಟ್ಟರು, ಸುಟ್ಟದ್ದಕ್ಕೆ ಹಣ ಹಿಡಿಯಲಿಲ್ಲ. ಸೋಮವಾರ ರಜೆ. ಪಕ್ಕೆಲುಬು ಬೇಕಿದ್ದರೆ ಶನಿವಾರ ಸಂಜೆಯೊಳಗೆ ಹೋಗಿ ಹೇಳಿ ಬರಬೇಕು. ಭಾನುವಾರ ಎರಡು ಗಂಟೆಯ ಮೇಲೆ ಹೋದವರಿಗೆ ಡ್ರಮ್ಮಿನಲ್ಲಿ ಬೂದಿ ಮಾತ್ರ ಸಿಗುತ್ತದೆ.