ಮಹಾಲಿಂಗಪುರದ ಕಂದು ಬೆಲ್ಲ: ನಮ್ಮ ಲ್ಯಾಬಿನ ನೊಣಗಳು ಕೊಟ್ಟ ಮಾರ್ಕ್ಸ್

ಬೆಲ್ಲದ ಅಂಗಡಿ ಬಗ್ಗೆ ಬರೆಯುವವರು ಹೋಳಿಗೆ ಹೇಗೆ ಬಂತು, ಚಹಾ ಒಡೆಯಿತಾ ಇಲ್ವಾ ಅಂತ ಬರೆಯುತ್ತಾರೆ. ನಾನು ಬೆಲ್ಲ ಜಾಸ್ತಿ ಕೊಳ್ಳುವುದು ಹಣ್ಣುನೊಣಗಳಿಗೆ. ಬಾಗಲಕೋಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಲ್ಯಾಬಿನಲ್ಲಿ ಡ್ರೊಸೊಫಿಲಾ ಸಾಕುತ್ತೇವೆ. ಬಾಳೆಹಣ್ಣು ಕಳಿತರೆ ಅಡುಗೆಮನೆಯಲ್ಲಿ ಹಾರಾಡುತ್ತವಲ್ಲ, ಆ ಜಾತಿಯ ನೊಣವೇ. ಅವುಗಳ ಊಟಕ್ಕೆ ಬೆಲ್ಲ ಬೇಕೇ ಬೇಕು.

ಅಂಗಡಿ ಇರುವುದು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ, ದಲಾಲಿ ಅಂಗಡಿಗಳ ಸಾಲು ಮುಗಿಯುವ ಕಡೆ. ಬಾಗಲಕೋಟೆಯಿಂದ ಲೋಕಾಪುರ, ಮುಧೋಳ ದಾಟಿ ಹೋಗಬೇಕು. ಹೊರಗೆ ಬೋರ್ಡ್ ಇಲ್ಲ. ಕಟ್ಟೆ ಮೇಲೆ ಗೋಣಿಚೀಲ ಹಾಸಿ ಪೆಂಟಿ ಬೆಲ್ಲ ಜೋಡಿಸಿರುತ್ತಾರೆ. ಒಂದು ಕಡೆ ಹಳದಿ, ಇನ್ನೊಂದು ಕಡೆ ಕಂದು. ಹಳದಿ ಬೇಗ ಖಾಲಿಯಾಗುತ್ತದೆ. ನಾನು ಕಂದು ಬೆಲ್ಲದ ಗಿರಾಕಿ. ಅಂಗಡಿಯ ಕಾಕಾ ಅವರೇ ಮೊದಲು ಅದನ್ನು ಮುಂದೆ ಸರಿಸಿ ಹೇಳಿದ್ದು: "ಅಕ್ಕಾರ, ಬೆಳ್ಳಗಿದ್ದದ್ದು ನೋಡಾಕ ಚಂದ. ನಿಮ್ಮ ಹುಳಕ್ಕ ಇದನ್ನ ಒಯ್ಯರಿ."

ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದು ಹಳೆಯ ಪದ್ಧತಿ. ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಪುಡಿ ಹಾಕುವುದು ಆಮೇಲೆ ಬಂದದ್ದು. ಈ ಕಂದು ಬೆಲ್ಲಕ್ಕೆ ಹೈಡ್ರೋಸ್ ಹಾಕಿಲ್ಲ ಅಂತ ಕಾಕಾ ಹೇಳುತ್ತಾರೆ, ಯಾವ ಗಾಣದಿಂದ ಬಂತು ಅಂತಲೂ ಹೇಳುತ್ತಾರೆ. ಒಡೆದರೆ ಒಳಗೂ ಹೊರಗೂ ಒಂದೇ ಬಣ್ಣ. ಬೆರಳಲ್ಲಿ ತಿಕ್ಕಿದರೆ ಸಣ್ಣ ಹರಳು ಸಿಗುತ್ತದೆ, ಜಿಗುಟು ಇರುವುದಿಲ್ಲ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಕೊನೆಗೆ ಒಂಚೂರು ಉಪ್ಪು.

ಮೈಸೂರು ವಿಶ್ವವಿದ್ಯಾಲಯದಲ್ಲಿ ನೊಣದ ತಳಿಗಳನ್ನು ಕಾಪಾಡುವ ಡ್ರೊಸೊಫಿಲಾ ಸ್ಟಾಕ್ ಸೆಂಟರ್‌ನಿಂದಾಗಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಒಂದು ಮೀಡಿಯಾ, ಅಂದರೆ ನೊಣಗಳ ಊಟ, ರೂಢಿಯಾಗಿದೆ. 1 ಲೀಟರ್ ನೀರು, 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಬೂಷ್ಟು ಹಿಡಿಯದಂತೆ 7.5 ಮಿಲಿ ಪ್ರೊಪಿಯೋನಿಕ್ ಆಸಿಡ್. ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸಿ, ಅಗರ್ ಮತ್ತು ರವೆ ಹಾಕಿ ಕೈಬಿಡದೆ ತಿರುವಬೇಕು. ಒಲೆಯಿಂದ ಇಳಿಸಿದ ಮೇಲೆ ಆಸಿಡ್. ಬಾಟಲಿಗೆ ಸುರಿದು ಆರಿದ ನಂತರ ಮೇಲೆ ಒಂದು ಹನಿ ಯೀಸ್ಟ್. ನೊಣ ಬಿಟ್ಟು ಹತ್ತಿಯ ಪ್ಲಗ್ ಹಾಕಿದರೆ ಮುಗಿಯಿತು. 25 ಡಿಗ್ರಿಯಲ್ಲಿ ಸುಮಾರು 10 ದಿನಕ್ಕೆ ಹೊಸ ತಲೆಮಾರು ಬರುತ್ತದೆ.

ಬೆಲ್ಲ ಚೆನ್ನಾಗಿದೆಯೋ ಇಲ್ಲವೋ ಅಂತ ಬಾಟಲಿಯ ಗೋಡೆಯೇ ತೋರಿಸುತ್ತದೆ. ಲಾರ್ವಾಗಳು, ಅಂದರೆ ಮರಿಹುಳಗಳು, ಮೀಡಿಯಾದೊಳಗೆ ಸುರಂಗ ಕೊರೆದು ತಿನ್ನುತ್ತವೆ, ಬಲಿತ ಮೇಲೆ ಗಾಜು ಹತ್ತಿ ಪ್ಯೂಪಾ (ಕೋಶ) ಆಗುತ್ತವೆ. ಈ ಕಂದು ಬೆಲ್ಲ ಹಾಕಿದಾಗ ಗೋಡೆ ತುಂಬ ಪ್ಯೂಪಾ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಹೊರಬರುವ ಹಿಂದಿನ ದಿನ ಲೆನ್ಸ್ ಹಿಡಿದು ನೋಡಿದರೆ ಪ್ಯೂಪಾದ ಸಿಪ್ಪೆಯೊಳಗಿನಿಂದ ಎರಡು ಕೆಂಪು ಕಣ್ಣು ಕಾಣುತ್ತವೆ. ಹಿಂದೆ ಬೇರೊಂದು ಕಡೆಯಿಂದ ತಂದ ಹೊಳೆಯುವ ಹಳದಿ ಬೆಲ್ಲ ಬಳಸಿದಾಗ ಪ್ಯೂಪಾ ಕಡಿಮೆ, ಅದರಲ್ಲೂ ಸಣ್ಣವು. ಕಾರಣ ಬೆಲ್ಲದೊಂದರದೇ ಅಂತ ನಾನು ಹೇಳಲಾರೆ. ಆದರೆ ಮತ್ತೆ ಅದನ್ನು ತರಲಿಲ್ಲ.

ಇಷ್ಟು ಯಾಕೆ ತಲೆಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ನಮ್ಮ ಕೊನೆಯ ವರ್ಷದ ಮಕ್ಕಳು ಮಾಡುವ ಪ್ರಯೋಗ ಕುಡಿತದ ಮೇಲೆ. ಪ್ಲಗ್‌ಗೆ ಲೆಕ್ಕದಷ್ಟು ಆಲ್ಕೊಹಾಲ್ ತೊಟ್ಟಿಕ್ಕಿ, ನೊಣಗಳು ಎಷ್ಟು ಹೊತ್ತಿಗೆ ಬೀಳುತ್ತವೆ ಅಂತ ನೋಡುತ್ತಾರೆ. ಮೊದಲು ನೊಣಗಳು ಜೋರಾಗಿ ಓಡಾಡುತ್ತವೆ. ಆಮೇಲೆ ಗೋಡೆ ಹತ್ತಲು ಹೋಗಿ ಜಾರುತ್ತವೆ. ಕೊನೆಗೆ ಅಂಗಾತ ಬಿದ್ದು ಕಾಲು ಆಡಿಸುತ್ತವೆ. ಶುದ್ಧ ಗಾಳಿಗೆ ಬಿಟ್ಟರೆ ಎದ್ದು ಕೂರುತ್ತವೆ. ಕೆಲವು ಗಂಟೆ ಬಿಟ್ಟು ಅವೇ ನೊಣಗಳಿಗೆ ಅಷ್ಟೇ ಆಲ್ಕೊಹಾಲ್ ಕೊಟ್ಟರೆ ಬೀಳಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೈ ಒಗ್ಗಿಕೊಳ್ಳುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಆದರೆ ಒಂದು ಬಾಟಲಿಯ ನೊಣ ಚೆನ್ನಾಗಿ ತಿಂದು ದಪ್ಪಗಿದ್ದು, ಇನ್ನೊಂದರ ನೊಣ ಸೊರಗಿದ್ದರೆ? ಸೊರಗಿದ್ದು ಬೇಗ ಬೀಳುತ್ತದೆ. ಆಗ ನಾವು ಅಳೆದದ್ದು ವಂಶದಿಂದ ಬಂದ ಜೀನನ್ನೋ ಹಸಿವನ್ನೋ ಗೊತ್ತಾಗುವುದಿಲ್ಲ. ಅದಕ್ಕೇ ವರ್ಷವಿಡೀ ಒಂದೇ ಅಂಗಡಿ, ಒಂದೇ ಬೆಲ್ಲ.

ನೊಣಗಳಲ್ಲಿ ಅಮಲನ್ನು ಅಧ್ಯಯನ ಮಾಡುವ ಈ ದಾರಿ ಹಾಕಿಕೊಟ್ಟವರಲ್ಲಿ ವಿಜ್ಞಾನಿ ಉಲ್ರಿಕೆ ಹೆಬರ್ಲೈನ್ ದೊಡ್ಡ ಹೆಸರು. ಎತ್ತರದ ಗಾಜಿನ ಕೊಳವೆಯೊಳಗೆ ಇಳಿಜಾರು ತಟ್ಟೆಗಳು, ಒಳಗೆ ಆಲ್ಕೊಹಾಲ್ ಆವಿ. ಅಮಲೇರಿದ ನೊಣ ತಟ್ಟೆಯಿಂದ ತಟ್ಟೆಗೆ ಉರುಳಿ ಕೆಳಗೆ ಬರುತ್ತದೆ. ಬೇರೆ ನೊಣಗಳಿಗಿಂತ ಬೇಗ ಉರುಳಿದ, ಜೀನು ಕೆಟ್ಟಿದ್ದ ಒಂದು ಮ್ಯುಟೆಂಟ್‌ಗೆ ಅವರ ತಂಡ 'ಚೀಪ್‌ಡೇಟ್' ಅಂತ ಹೆಸರಿಟ್ಟಿತು. 1998ರಲ್ಲಿ ಗೊತ್ತಾದದ್ದೇನೆಂದರೆ, ಅದರಲ್ಲಿ ಕೆಟ್ಟಿದ್ದದ್ದು ನೆನಪಿನ ಶಕ್ತಿಗೆ ಬೇಕು ಅಂತ ಮೊದಲೇ ಗೊತ್ತಿದ್ದ ಜೀನು. ಅಮಲಿಗೂ ನೆನಪಿಗೂ ಒಂದೇ ಜೀನು! ಪಾಠ ಮಾಡುವಾಗ ಪ್ರತಿ ಸಲ ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. 2009ರಲ್ಲಿ ಅದೇ ಲ್ಯಾಬಿನಿಂದ ಇನ್ನೊಂದು ಅಧ್ಯಯನ ಬಂತು. ಆಯ್ಕೆ ಕೊಟ್ಟರೆ ನೊಣಗಳು ದಿನ ಕಳೆದಂತೆ ಆಲ್ಕೊಹಾಲ್ ಇರುವ ಆಹಾರವನ್ನೇ ಹೆಚ್ಚು ಹೆಚ್ಚು ಕುಡಿದವು. ಕಹಿ ಕ್ವಿನೈನ್ ಬೆರೆಸಿದರೂ ಬಿಡಲಿಲ್ಲ. ಕೆಲ ದಿನ ತಪ್ಪಿಸಿ ಮತ್ತೆ ಕೊಟ್ಟರೆ ಹಳೆಯ ಮಟ್ಟಕ್ಕೇ ಮರಳಿದವು. 2011ರಲ್ಲಿ ಕಾರ್ಲಾ ಕೌನ್ ಮತ್ತು ಜೊತೆಗಾರರು ಇನ್ನೂ ಮುಂದೆ ಹೋದರು. ಅಮಲಿನ ಜೊತೆ ಕಲಿತ ವಾಸನೆ ಹುಡುಕಿಕೊಂಡು ನೊಣಗಳು ಕರೆಂಟ್ ಶಾಕ್ ದಾಟಿ ಹೋದವು. ಆ ನೆನಪು ಎದ್ದು ಬರಲು ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಬೇಕಿತ್ತು.

ಇಷ್ಟು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಮೇಡಮ್, ಹಂಗಾದ್ರ ಕುಡಿಯೂದು ರಕ್ತದಾಗ ಬರ್ತೈತೇನ್ರಿ?" ಕಬ್ಬು ಕಡಿಯುವ ಊರುಗಳಿಂದ ಬರುವ ಮಕ್ಕಳಿಗೆ ಇದು ಪರೀಕ್ಷೆಯ ಪ್ರಶ್ನೆ ಅಲ್ಲ, ಮನೆಯ ಪ್ರಶ್ನೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಕುಡಿತದ ಚಟದಲ್ಲಿ ಜೀನುಗಳ ಪಾಲು ಸುಮಾರು ಅರ್ಧ ಅಂತ ಹೇಳಿದೆ. ಉಳಿದ ಅರ್ಧ ಸುತ್ತಲಿನ ಬದುಕಿನದು ಅಂತ ತಿಳಿಸಲು 2012ರ ನೊಣಗಳ ಪ್ರಯೋಗವೊಂದನ್ನು ವಿವರಿಸಿದೆ. ಹೆಣ್ಣು ನೊಣಗಳು ಮತ್ತೆ ಮತ್ತೆ ದೂರ ತಳ್ಳಿದ ಗಂಡು ನೊಣಗಳು ಜಾಸ್ತಿ ಕುಡಿದವು. ಜೊತೆ ಸಿಕ್ಕವು ಕಡಿಮೆ ಕುಡಿದವು. ತಳ್ಳಿಸಿಕೊಂಡವುಗಳ ಮೆದುಳಿನಲ್ಲಿ ಎನ್‌ಪಿಎಫ್ ಅನ್ನುವ ಒಂದು ವಸ್ತು ಕಡಿಮೆಯಾಗಿತ್ತು. ಅದನ್ನು ತಯಾರಿಸುವ ನರಕೋಶಗಳನ್ನು ಎಚ್ಚರಿಸಿದಾಗ ನೊಣಗಳಿಗೆ ಆಲ್ಕೊಹಾಲಿನ ಸೆಳೆತ ಇಲ್ಲವಾಯಿತು. ನಮ್ಮ ಮೆದುಳಿನಲ್ಲೂ ಅದನ್ನು ಹೋಲುವ ಎನ್‌ಪಿವೈ ಇದೆ. ಮನುಷ್ಯ ನೊಣವಲ್ಲ, ನಿಜ. ಆದರೆ ಕುಡಿಯುವವನಿಗೆ ಮಾನ ಮರ್ಯಾದೆ ಇಲ್ಲ ಅಂತ ಬೈದು ಬಿಡುವುದಕ್ಕಿಂತ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುವುದು ಸರಿಯಾದ ದಾರಿ ಅಂತ ನನಗೆ ಖಾತ್ರಿಯಾಗಿದೆ. ಇದು ಮೆದುಳಿನ ಕಾಯಿಲೆ. ಹುಡುಗ ಕ್ಲಾಸ್ ಮುಗಿದ ಮೇಲೆ ಡಿಮ್ಹಾನ್ಸ್‌ಗೆ ಹೋಗುವ ದಾರಿ ಬರೆದುಕೊಂಡು ಹೋದ.

ಮತ್ತೆ ಅಂಗಡಿಗೆ ಬರುತ್ತೇನೆ. ಕೊರತೆಗಳೂ ಇವೆ. ಸರಿಯಾದ ಬಿಲ್ ಕೊಡುವುದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಕಾಲೇಜಿನ ಲೆಕ್ಕಕ್ಕೆ ಅದು ನಡೆಯುವುದಿಲ್ಲ, ಹಾಗಾಗಿ ನಾನು ಕೈಯಿಂದಲೇ ಕೊಡುತ್ತೇನೆ. ಬೆಲ್ಲದಲ್ಲಿ ಆಗಾಗ ಕಬ್ಬಿನ ಸಿಪ್ಪೆ, ಸಣ್ಣ ಮರಳು ಸಿಗುತ್ತದೆ, ಸೋಸದೆ ಹಾಕಬೇಡಿ. ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ನೀವೇ ಡಬ್ಬಿ ಒಯ್ಯಿರಿ. ಹಳದಿ ಬೆಲ್ಲಕ್ಕಿಂತ ಬೆಲೆ ಸ್ವಲ್ಪ ಜಾಸ್ತಿ. ಕೊಡಬಹುದಾದಷ್ಟೇ ಜಾಸ್ತಿ.

ಮನೆಗೂ ಇದನ್ನೇ ತರುತ್ತೇನೆ. ಶೇಂಗಾ ಹೋಳಿಗೆಗೆ ಬಹಳ ಚೆನ್ನಾಗಿ ಹೊಂದುತ್ತದೆ. ಚಹಾಕ್ಕೆ ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಾಕಿ.

ಡ್ರೊಸೊಫಿಲಾ ಸಾಕುವ ಬೇರೆ ಕಾಲೇಜಿನವರಿಗೆ ಒಂದು ಮಾತು. ಗಾಣ ನಡೆಯುವ ಚಳಿಗಾಲದಲ್ಲೇ ಹೋಗಿ, ಒಂದೇ ಅಡಿಗೆಯ (ಒಂದೇ ಸಲ ಕಾಯಿಸಿದ) ಪೆಂಟಿ ಕೇಳಿ ತನ್ನಿ. ಕಾಕಾ ಬೇರೆ ತೆಗೆದಿಡುತ್ತಾರೆ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತದೆ, ಆಗ 100 ಗ್ರಾಂ ತೂಗಿದರೂ 100 ಗ್ರಾಂ ಬೆಲ್ಲ ಸಿಕ್ಕಂತಾಗುವುದಿಲ್ಲ. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಂದಿನ ಬ್ಯಾಚಿನ ಪ್ರಾಕ್ಟಿಕಲ್ ಮುಗಿಯುವವರೆಗೂ ಬರುತ್ತದೆ.