ಮಾತಾಡುವಷ್ಟು ದೂರದಿಂದ ಮುಖದ ಫೋಟೋ: ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ, ಐದಾರು ವರ್ಷ ಬಳಸಿದ ಮೇಲೆ

ಜನರ ಫೋಟೋ ತೆಗೆಯುವ ಹುಚ್ಚು ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಈ ಲೆನ್ಸ್‌ನಲ್ಲಿ ಜೂಮ್ ಇಲ್ಲ. ರಸ್ತೆಯ ಆ ಕಡೆ ನಿಂತು, ಯಾರಿಗೂ ಗೊತ್ತಾಗದ ಹಾಗೆ ಮುಖ ಹಿಡಿಯಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಎದುರಿಗೆ ಹೋಗಬೇಕು, ಮಾತಾಡಿಸಬೇಕು, ಆಮೇಲೆ ಕ್ಯಾಮೆರಾ ಎತ್ತಬೇಕು. ನನಗೆ ಇದು ಇಷ್ಟವಾಗಿರುವುದೇ ಆ ಕಾರಣಕ್ಕೆ.

ನಾನು ವೃತ್ತಿಯಲ್ಲಿ ಫೋಟೋಗ್ರಾಫರ್ ಅಲ್ಲ. ವಾರವೆಲ್ಲ ಆಫೀಸು. ಭಾನುವಾರ ಬಂದರೆ ಮೈಸೂರಿನ ದೇವರಾಜ ಮಾರ್ಕೆಟ್ಟು, ಗರಡಿ ಮನೆಗಳು, ಇಲ್ಲವೇ ನಂಜನಗೂಡಿನ ಕಡೆ ಯಾವುದಾದರೂ ಹಳ್ಳಿ. ತೆಗೆದದ್ದಕ್ಕೆ ದುಡ್ಡು ತಗೊಳ್ಳುವುದಿಲ್ಲ. ಫೋಟೋ ತೆಗೆಸಿಕೊಂಡವರಿಗೆ ಒಂದು ಪ್ರಿಂಟ್ ಕೊಟ್ಟು ಬರುತ್ತೇನೆ. ಕ್ಯಾಮೆರಾ ಕ್ಯಾನನ್ 200ಡಿ ಮಾರ್ಕ್ 2. ಅದರ ಜೊತೆಗೆ ಬಂದ 18-55 ಕಿಟ್ ಲೆನ್ಸ್ ಈಗ ಮನೆಯ ಹಬ್ಬ-ಹರಿದಿನಕ್ಕೆ ಮಾತ್ರ ಹೊರಗೆ ಬರುತ್ತದೆ.

ಲೆನ್ಸ್ ಬಗ್ಗೆ ಚೂರು ಹಿನ್ನೆಲೆ. ಕ್ಯಾನನ್‌ನವರ ಅಗ್ಗದ ಐವತ್ತು (50 ಎಂಎಂ ಲೆನ್ಸ್) ಅಂದರೆ ಬಹಳ ಕಾಲ 1990ರ ಹಳೇ ಮಾಡೆಲ್ಲೇ ಆಗಿತ್ತು. ಅದರ ಮೌಂಟ್ ಪ್ಲಾಸ್ಟಿಕ್‌ದು, ಅಪರ್ಚರ್‌ಗೆ, ಅಂದರೆ ಬೆಳಕು ಒಳಬರುವ ಕಿಂಡಿಗೆ, ಐದೇ ಎಲೆ. 2015ರಲ್ಲಿ, ಸ್ಟೆಪ್ಪಿಂಗ್ ಮೋಟರ್‌ನಿಂದ ಫೋಕಸ್ ಮಾಡುವ ಈ ಎಸ್‌ಟಿಎಂ ಬಂತು. ಮೌಂಟ್ ಲೋಹದ್ದಾಯಿತು, ಎಲೆಗಳು ಏಳಾದವು, 45 ಸೆಂಟಿಮೀಟರ್ ಇದ್ದ ಕನಿಷ್ಠ ಫೋಕಸ್ ದೂರ 35ಕ್ಕೆ ಇಳಿಯಿತು. ತೂಕ ಸುಮಾರು 160 ಗ್ರಾಂ. ಹೆಗಲಿಗೆ ಹಾಕಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತಿದರೂ ಭಾರ ಅನ್ನಿಸುವುದಿಲ್ಲ. ಇನ್ನೂ ಒಂದು ಉಪಕಾರ ಇದೆ. ಇಷ್ಟು ಪುಟ್ಟ ಲೆನ್ಸ್ ನೋಡಿ ಯಾರೂ ಹೆದರುವುದಿಲ್ಲ. ಉದ್ದನೆ ಲೆನ್ಸ್ ಕಂಡರೆ ಜನ "ಯಾವ ಪೇಪರ್‌ನವರು ಸಾರ್?" ಅಂತ ಸೆಟೆದು ನಿಂತುಬಿಡುತ್ತಾರೆ.

ಈಗ ದೂರದ ವಿಷಯ. 200ಡಿ ಥರದ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ ಚಿಕ್ಕದಿರುವ) ಕ್ಯಾಮೆರಾದಲ್ಲಿ ಲೆನ್ಸಿನ ಎಂಎಂ ಅಳತೆಯನ್ನು 1.6ರಿಂದ ಗುಣಿಸಬೇಕು. ಹಾಗಾಗಿ ಈ ಐವತ್ತು, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದ 80 ಎಂಎಂ ಹಾಗೆ ಕಾಣಿಸುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ಒಂದೂವರೆ ಮೀಟರ್ ದೂರ ನಿಂತರೆ ತಲೆಯಿಂದ ಎದೆಯವರೆಗೆ ಫ್ರೇಮ್ ತುಂಬುತ್ತದೆ. ಒಂದೂವರೆ ಮೀಟರ್ ಅಂದರೆ ಎಷ್ಟು? ಜಗಲಿ ಮೇಲೆ ಇಬ್ಬರು ಕೂತು ಸಮಾಧಾನವಾಗಿ ಮಾತಾಡುವಷ್ಟು. ದನಿ ಎತ್ತಬೇಕಾಗಿಲ್ಲ, ಮೈಮೇಲೆ ಬಿದ್ದ ಹಾಗೂ ಆಗುವುದಿಲ್ಲ. ನಾನು ಕ್ಯಾಮೆರಾದ ಹಿಂದೆ ಇದ್ದರೂ ಮಾತು ಮುಂದುವರಿಯುತ್ತಲೇ ಇರುತ್ತದೆ. ಫೋನಿನಲ್ಲಿ ಇದು ಬೇರೆ. ಅದರ ಮಾಮೂಲಿ ಕ್ಯಾಮೆರಾ ವೈಡ್ ಆಗಿರುವುದರಿಂದ ಮುಖ ತುಂಬಿಸಲು ತೀರಾ ಹತ್ತಿರ ಹೋಗಬೇಕು. ಹತ್ತಿರ ಹೋದಷ್ಟೂ ಮೂಗು ದಪ್ಪ, ಕಿವಿ ಸಣ್ಣ. ಲೆನ್ಸಿನ ತಪ್ಪಲ್ಲ ಅದು, ದೂರ ಕಮ್ಮಿಯಾದರೆ ಆಗುವುದೇ ಹಾಗೆ. ಒಂದೂವರೆ-ಎರಡು ಮೀಟರ್‌ನಿಂದ ತೆಗೆದರೆ ಮುಖ ನಾವು ದಿನಾ ನೋಡುವ ಅಳತೆಯಲ್ಲೇ ಬರುತ್ತದೆ.

ಹಳ್ಳಿಯಲ್ಲಿ ಒಬ್ಬ ಅಜ್ಜಿ ಜಗಲಿಯಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದರು. ನಾನು ಪಕ್ಕದ ಕಲ್ಲಿನ ಮೇಲೆ ಕೂತು ಮಾತಾಡಿಸಿದೆ. ಮಳೆ, ಬೆಳೆ, ಮೊಮ್ಮಗಳ ಓದು. ಆಮೇಲೆ ಕೇಳಿದೆ, "ಅಜ್ಜಿ, ಒಂದು ಫೋಟೋ ತೆಗೀಲಾ?"

"ಏನ್ ಮಗಾ, ಈ ಮಕ ತಕ್ಕಂಡು ಏನ್ ಮಾಡ್ತೀಯಾ? ಫೋಟೋ ತಗುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ."

"ಬೇಡ ಅಂದ್ರೆ ಬೇಡ ಅಜ್ಜಿ."

ಮೊರ ಎರಡು ಸಲ ಕೊಡವಿದರು. ಕಲ್ಲು ಆರಿಸಿ ಆಚೆ ಎಸೆದರು. ಆಮೇಲೆ, "ತಡಿ ಮಗಾ, ಸೆರಗು ಸರಿ ಮಾಡ್ಕತೀನಿ" ಅಂದರು. ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತರು. ಒಂದು ತೆಗೆದೆ. ಆ ಫೋಟೋ ಅವರಿಗೆ ಬೇಕು, ಯಾಕಂದರೆ ಅವರು ತಾವು ಹೀಗೆ ಕಾಣಬೇಕು ಅಂತ ಬಯಸಿ ಕೂತದ್ದು. ಎರಡನೆಯದು, ಕೈ ಮತ್ತೆ ಮೊರಕ್ಕೆ ಹೋದ ಮೇಲೆ, ಮೊಮ್ಮಗಳು ಒಳಗಿನಿಂದ ಏನೋ ಕೂಗಿದ್ದಕ್ಕೆ ತಲೆ ಎತ್ತಿದಾಗ ತೆಗೆದದ್ದು. ಅದು ನನಗೆ ಬೇಕಾದದ್ದು. ಎರಡನ್ನೂ ಪ್ರಿಂಟ್ ಹಾಕಿಸಿ ಕೊಟ್ಟೆ. ಗೋಡೆಗೆ ಹೋದದ್ದು ಮೊದಲನೆಯದೇ. ಹಾಗೇ ಆಗಬೇಕು. ಜನ ತಮ್ಮ ಮುಖವನ್ನು ಹೇಗೆ ನೋಡಿಕೊಳ್ಳಲು ಇಷ್ಟಪಡುತ್ತಾರೋ ಹಾಗೆ ಒಂದನ್ನಾದರೂ ತೆಗೆದುಕೊಡುವುದು ನಮ್ಮ ಕರ್ತವ್ಯ ಅಂತ ನಾನು ನಂಬಿದ್ದೇನೆ. ಯಾರಾದರೂ ಬೇಡ ಅಂದರೆ ಕ್ಯಾಮೆರಾ ಬ್ಯಾಗಿಗೆ ಹಾಕಿ ಸುಮ್ನೆ ಮಾತು ಮುಂದುವರಿಸುತ್ತೇನೆ.

ಅಂದಹಾಗೆ ಜಗಲಿ ಅಂದರೆ ಫೋಟೋ ತೆಗೆಯುವವರಿಗೆ ಪುಕ್ಕಟೆ ಸ್ಟುಡಿಯೋ. ಮಧ್ಯಾಹ್ನದ ಬಿಸಿಲು ನೆತ್ತಿ ಮೇಲಿದ್ದಾಗ ಬಯಲಲ್ಲಿ ನಿಂತವರ ಕಣ್ಣುಗುಳಿಯೆಲ್ಲ ಕಪ್ಪಾಗುತ್ತದೆ. ಅದೇ ಹೊತ್ತಲ್ಲಿ ಜಗಲಿಯ ನೆರಳಿಗೆ ಬಂದು ಹೊರಗೆ ಮುಖ ಮಾಡಿ ಕೂತರೆ, ಅಂಗಳದ ನೆಲಕ್ಕೆ ಬಿದ್ದ ಬೆಳಕು ಮುಖಕ್ಕೆ ಚಿಮ್ಮುತ್ತದೆ. ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯುತ್ತದಲ್ಲ, ಅದು ಬಂತು ಅಂದರೆ ಮುಖಕ್ಕೆ ಜೀವ ಬಂತು. ಹಳೇ ತೊಟ್ಟಿ ಮನೆಗಳು ಇನ್ನೂ ಚೆನ್ನ. ತೊಟ್ಟಿಯ ಅಂಚಿನ ಕಂಬಕ್ಕೆ ಒರಗಿಸಿ ಕೂರಿಸಿದರೆ ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ತೆಳು ನೆರಳು. ಫ್ಲ್ಯಾಶ್ ಬೇಕಾಗುವುದೇ ಇಲ್ಲ.

ಕತ್ತಲೆ ಜಾಗಕ್ಕೆ ಬಂದರೆ ಈ ಲೆನ್ಸಿನ ಬೆಲೆ ಗೊತ್ತಾಗುತ್ತದೆ. ಮೈಸೂರಿನ ಗರಡಿ ಮನೆಗಳು ನಿಮಗೆ ಗೊತ್ತಲ್ವಾ? ಗಿಡ್ಡ ಬಾಗಿಲು, ಚಿಕ್ಕ ಕಿಟಕಿ, ಒಳಗೆ ಕೆಮ್ಮಣ್ಣು. ಚಪ್ಪಲಿ ಹೊರಗೆ ಬಿಟ್ಟು, ಉಸ್ತಾದರಿಗೆ ಕೈಮುಗಿದು, ಅವರು ಆಗಲಿ ಅಂದ ಮೇಲೇ ಒಳಗೆ ಕ್ಯಾಮೆರಾ ತೆಗೆಯಬೇಕು. ಅಲ್ಲಿ ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಎಫ್/5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್/1.8ರಲ್ಲಿ ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ನಾನು ಅಲ್ಲಿ ಎಫ್/2, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200, ಶಟರ್ ಸೆಕೆಂಡಿನ 1/160ರ ಆಸುಪಾಸಿನಲ್ಲಿ ತೆಗೆಯುತ್ತೇನೆ. ಲೆನ್ಸಿನಲ್ಲಿ ಸ್ಟೆಬಿಲೈಸೇಷನ್ ಇಲ್ಲ, ಅದಕ್ಕೇ ಶಟರ್ ಅದಕ್ಕಿಂತ ಕೆಳಗೆ ಇಳಿಸುವುದಿಲ್ಲ. ಸ್ಟೆಬಿಲೈಸೇಷನ್ ಇದ್ದಿದ್ದರೂ ನಮ್ಮ ಕೈ ನಡುಗುವುದು ನಿಲ್ಲುತ್ತಿತ್ತೇ ಹೊರತು ಪೈಲ್ವಾನರ ಉಸಿರಾಟ, ಮಾತು, ನಗು ನಿಲ್ಲುತ್ತಿರಲಿಲ್ಲ. ಸಾಮು ಮುಗಿಸಿ ಮೈಗೆ ಮಣ್ಣು ಮೆತ್ತಿಕೊಂಡು ಕೂತ ಹುಡುಗನ ಹುಬ್ಬಿನ ಮೇಲಿನ ಬೆವರ ಹನಿ, ಅದರಲ್ಲಿ ಸಿಕ್ಕಿಕೊಂಡ ಕೆಂಪು ಕಣ, ಇಷ್ಟು ಸ್ಪಷ್ಟವಾಗಿ ಬರುತ್ತದೆ.

ಹಾಗಂತ ಎಫ್/1.8 ಇದೆ ಅಂತ ಯಾವಾಗಲೂ ಅದರಲ್ಲೇ ತೆಗೆಯಬೇಕಿಲ್ಲ. ಲೆಕ್ಕ ನೋಡಿ. ಒಂದೂವರೆ ಮೀಟರ್ ದೂರದಲ್ಲಿ ಎಫ್/1.8ಕ್ಕೆ ಫೋಕಸ್ ನಿಲ್ಲುವ ಆಳ ಸುಮಾರು 6 ಸೆಂಟಿಮೀಟರ್. ಒಂದು ಮೀಟರ್‌ಗೆ ಹೋದರೆ 3 ಸೆಂಟಿಮೀಟರ್ ಕೂಡ ಸಿಗುವುದಿಲ್ಲ. ಮುಖ ಸ್ವಲ್ಪ ಓರೆಯಾದರೆ ಒಂದು ಕಣ್ಣು ಚೂಪು, ಇನ್ನೊಂದು ಮಸುಕು. ಎಫ್/2.8ಕ್ಕೆ ತಂದರೆ ಒಂದೂವರೆ ಮೀಟರ್‌ನಲ್ಲಿ 9-10 ಸೆಂಟಿಮೀಟರ್ ಸಿಗುತ್ತದೆ, ಎರಡೂ ಕಣ್ಣು, ಮೂಗು, ತುಟಿ ಆರಾಮಾಗಿ ಬರುತ್ತವೆ. ನನ್ನ ಮುಖದ ಫೋಟೋಗಳಲ್ಲಿ ಜಾಸ್ತಿ ಇರುವುದು 2.8ರದ್ದೇ.

ಹಿನ್ನೆಲೆ ಮಸುಕು ಮಾಡುವ ಆಸೆಯ ಬಗ್ಗೆಯೂ ನನಗೊಂದು ಅಭಿಪ್ರಾಯ ಇದೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರ ಫೋಟೋ ತೆಗೆದು ಹಿಂದಿನ ಹಾರಗಳನ್ನೆಲ್ಲ ಬಣ್ಣದ ಮೋಡ ಮಾಡಿಬಿಟ್ಟರೆ ಆ ಮನುಷ್ಯ ಯಾರು, ಎಲ್ಲಿಯವರು ಅಂತ ಹೇಗೆ ಗೊತ್ತಾಗಬೇಕು? ಅವರು ಮೂವತ್ತು-ನಲವತ್ತು ವರ್ಷ ಕೂತ ಜಾಗ ಅದು. ಅಲ್ಲಿ ನಾನು ಎಫ್/4, ಕೆಲವು ಸಲ 5.6. ತಕ್ಕಡಿ, ಬಾಳೆಲೆ ಮೇಲಿನ ಮೊಗ್ಗಿನ ರಾಶಿ, ಹಿಂದೆ ತೂಗುಬಿಟ್ಟ ದೇವರ ಫೋಟೋ, ಎಲ್ಲ ಗುರುತು ಸಿಗುವ ಹಾಗೆ ಇರಬೇಕು. ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ಫೋಟೋಗಳನ್ನು ನೋಡಿ. ಯುನಿಸೆಫ್‌ಗೆ ಮಕ್ಕಳ ಫೋಟೋ ತೆಗೆದವರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಜನ ತಮ್ಮ ಪಾಡಿಗೆ ತಾವು, ತಮ್ಮ ಜಾಗದಲ್ಲಿ ಇರುತ್ತಾರೆ. ಅದನ್ನು ನೋಡಿದ ಮೇಲೆ ಬರೀ ಮಸುಕಿಗೆ ಮನಸ್ಸು ಒಪ್ಪುವುದಿಲ್ಲ. ಮಾರ್ಕೆಟ್ಟಿಗೆ ಹೋಗುವವರಿಗೆ ಇನ್ನೊಂದು ಮಾತು: ಮೊದಲು ಎರಡು ಮೊಳ ಹೂವು ಕೊಳ್ಳಿ. ಬೆಳಗಿನ ಬೋಣಿ ಹೊತ್ತಲ್ಲಿ ಕ್ಯಾಮೆರಾ ಹಿಡಿದು ಅಡ್ಡ ನಿಲ್ಲಬೇಡಿ.

ಫೋಕಸ್ ವಿಷಯದಲ್ಲಿ ಎಸ್‌ಟಿಎಂ ಮೋಟರ್ ಸದ್ದು ಕಮ್ಮಿ, ಸಾಕಷ್ಟು ಚುರುಕು. 200ಡಿ ಮಾರ್ಕ್ 2ರ ವ್ಯೂಫೈಂಡರ್‌ನಲ್ಲಿ ಒಂಬತ್ತೇ ಫೋಕಸ್ ಪಾಯಿಂಟ್. ಹಾಗಾಗಿ ಮುಖಕ್ಕೆ ನಾನು ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ದೃಶ್ಯ ನೋಡುವುದು) ಹಾಕಿ ಕಣ್ಣು ಗುರುತಿಸುವ ಫೋಕಸ್ ಬಳಸುತ್ತೇನೆ. ಪರದೆ ಮಡಚಿ ಸೊಂಟದ ಹತ್ತಿರ ಹಿಡಿದರೆ ನನ್ನ ಮುಖ ಅವರಿಗೆ ಕಾಣುತ್ತಿರುತ್ತದೆ, ಮಾತು ತುಂಡಾಗುವುದಿಲ್ಲ. ಕನ್ನಡಕದವರಿಗೆ ಪರದೆ ಮೇಲೆ ಬೆರಳಿಟ್ಟು ಕಣ್ಣನ್ನು ನಾನೇ ಆರಿಸುತ್ತೇನೆ. ಗಾಜಿನಲ್ಲಿ ಕಿಟಕಿ ಹೊಳೆಯುತ್ತಿದ್ದರೆ ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಅರ್ಧ ಬೆರಳಷ್ಟು ಮೇಲೆತ್ತಲು ಹೇಳಿ. ಗಾಜು ಕೆಳಕ್ಕೆ ಬಾಗುತ್ತದೆ, ಹೊಳಪು ಹೋಗುತ್ತದೆ. ಎತ್ತಿದ್ದು ಫೋಟೋದಲ್ಲಿ ಕಾಣುವುದೂ ಇಲ್ಲ.

ಬಿಳಿ ಪಂಚೆ, ಬಿಳಿ ಅಂಗಿ ಹಾಕಿದ ಹಿರಿಯರನ್ನು ತೆಗೆಯುವಾಗ ಯಾವ ಕ್ಯಾಮೆರಾ ಆದರೂ ಆ ಬಿಳಿಯನ್ನು ನೋಡಿ ಫೋಟೋ ಕಪ್ಪಗೆ ಮಾಡುತ್ತದೆ. ಮುಖ ಇನ್ನೂ ಮುಳುಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋದ ಬೆಳಕು ಏರಿಳಿಸುವ ಸೆಟ್ಟಿಂಗ್) ಮೂರನೇ ಎರಡು ಸ್ಟಾಪ್ ಮೇಲೆ ಹಾಕಿ, ಇಲ್ಲವೇ ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್ ಇಟ್ಟು ಕೆನ್ನೆಯಲ್ಲಿ ಅಳೆಯಿರಿ. ಆದರೆ ಮುಖ ಸರಿಯಾಗಿ ಕಾಣಿಸುವುದು ಬೇರೆ, ಬೆಳ್ಳಗೆ ಮಾಡುವುದು ಬೇರೆ. "ಸ್ವಲ್ಪ ಕಲರ್ ಮಾಡಿಕೊಡಿ ಸಾರ್" ಅಂತ ಕೆಲವರು ಕೇಳುತ್ತಾರೆ. ನಾನು ಮಾಡುವುದಿಲ್ಲ. ಒಳ್ಳೆ ಬೆಳಕಿನಲ್ಲಿ ತೆಗೆದ ಕಪ್ಪು ಮೈಬಣ್ಣದ ಹೊಳಪು ತೋರಿಸಿ, "ಇದೇ ಚೆನ್ನಾಗಿದೆ ನೋಡಿ" ಅನ್ನುತ್ತೇನೆ. ಪ್ರಿಂಟ್ ನೋಡಿದ ಮೇಲೆ ತುಂಬಾ ಜನ ಹೌದು ಅಂತಾರೆ. ಸುಕ್ಕೂ ಅಷ್ಟೇ. ಗೆರೆ ಒರೆಸಿದ ಅಜ್ಜಿಯ ಮುಖ ಅಜ್ಜಿಯ ಮುಖವೇ ಅಲ್ಲ.

ನನಗೆ ಬೇಜಾರಾಗಿದ್ದು ಲೆನ್ಸಿನಿಂದಲ್ಲ, ಪ್ರಿಂಟ್‌ನಿಂದ. ಒಂದು ಲ್ಯಾಬಿನವರು ಹೇಳದೆ ಕೇಳದೆ ಎಲ್ಲ ಮುಖಗಳಿಗೂ ಒಂದೇ ಥರ ಕರೆಕ್ಷನ್ ಹೊಡೆದು ಗುಲಾಬಿ ಬಣ್ಣಕ್ಕೆ ತಿರುಗಿಸಿಬಿಟ್ಟಿದ್ದರು. ಅಪ್ಪ-ಮಗ ಇಬ್ಬರ ಮೈಬಣ್ಣವೂ ಬೇರೆಯವರದ್ದಾಗಿತ್ತು. ಈಗ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ 'ಕರೆಕ್ಷನ್ ಬೇಡ' ಅಂತ ಬರೆದು ಕೊಡುತ್ತೇನೆ. ಮೊದಲು ಒಂದು 4x6 ಹಾಕಿಸಿ ನೋಡಿ, ಆಮೇಲೆ ದೊಡ್ಡದು. ಕ್ಯಾಮೆರಾದ ಚಿತ್ರ 2:3 ಅಳತೆಯದು. 4x6, 8x12 ಪ್ರಿಂಟಿಗೆ ಪೂರ್ತಿ ಕೂರುತ್ತದೆ. 8x10 ಫ್ರೇಮ್ ಇದೆ ಅಂತ ಅದಕ್ಕೆ ಹಾಕಿಸಿದರೆ ಉದ್ದದಲ್ಲಿ ಎರಡು ಇಂಚು ಹೋಗುತ್ತದೆ. ತಲೆ ಮೇಲೆ ಜಾಗ ಬಿಡದೆ ತೆಗೆದಿದ್ದರೆ ಪೇಟವೋ ತುರುಬೋ ಕತ್ತರಿಗೆ ಸಿಕ್ಕಿತು ಅಂತಲೇ ಲೆಕ್ಕ.

ಮಿತಿಗಳೂ ಇವೆ. ನಿಂತ ಭಂಗಿಯ ಪೂರ್ತಿ ಫೋಟೋ ಬೇಕಾದರೆ ಕ್ರಾಪ್ ಕ್ಯಾಮೆರಾದಲ್ಲಿ ನಾಲ್ಕು ಮೀಟರ್‌ಗಿಂತ ಹಿಂದೆ ಹೋಗಬೇಕು. ಹತ್ತಡಿ ರೂಮಿನಲ್ಲಿ ಅದು ಆಗದ ಮಾತು. ಮನೆಮಂದಿಯೆಲ್ಲ ಸೇರಿದ ಗ್ರೂಪ್ ಫೋಟೋ ಅಂತೂ ಅಂಗಳದಲ್ಲೇ. ಮಳೆ, ಧೂಳಿನಿಂದ ರಕ್ಷಣೆ ಇಲ್ಲ, ಸಂತೆಗೆ ಹೋದಾಗ ಲೆನ್ಸ್ ಬದಲಾಯಿಸುವ ಕೆಲಸಕ್ಕೆ ಕೈ ಹಾಕಬೇಡಿ. ಫೋಕಸ್ ಮಾಡುವಾಗ ಮುಂದಿನ ಕೊಳವೆ ಹೊರಗೆ ಬರುತ್ತದೆ. ಆಫ್ ಮಾಡಿದಾಗ ಕೆಲವು ಕ್ಯಾಮೆರಾಗಳಲ್ಲಿ ಅದು ಹಾಗೇ ನಿಲ್ಲುತ್ತದೆ, ಕೈಯಿಂದ ತಳ್ಳಬಾರದು. ಆನ್ ಇರುವಾಗಲೇ ದೂರಕ್ಕೆ ಫೋಕಸ್ ಮಾಡಿ ಒಳಗೆ ಕಳಿಸಿ, ಆಮೇಲೆ ಬ್ಯಾಗಿಗೆ. ಮ್ಯಾನ್ಯುಯಲ್ ಫೋಕಸ್ ರಿಂಗ್ ಕೂಡ ಕರೆಂಟಿನ ಮೇಲೇ ಕೆಲಸ ಮಾಡುವುದು. ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಬಳೆ) ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. ಇಎಸ್-68 ಅಂತ ಅದರ ಹೆಸರು. ಅದನ್ನು ತಗೊಳ್ಳಿ. ಬೆಳಕು ತಡೆಯುವುದಕ್ಕಿಂತ ಹೆಚ್ಚಾಗಿ ಆ ಮುಂದಿನ ಕೊಳವೆಗೆ ಏಟು ಬೀಳದ ಹಾಗೆ ಕಾಯುತ್ತದೆ.

ಕೊಳ್ಳುವವರಿಗೆ: ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದರೆ ಯೋಚನೆ ಮಾಡುವುದೇ ಬೇಡ. ಆರ್ ಸರಣಿಯ ಮಿರರ್‌ಲೆಸ್ ಇದ್ದರೆ ಇದಕ್ಕೆ ಅಡಾಪ್ಟರ್ ಬೇಕು. ಹೊಸದಾಗಿ ಕೊಳ್ಳುವುದಾದರೆ 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್/1.8 ನೋಡಿ, ಅಡಾಪ್ಟರ್ ಖರ್ಚು ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲೂ ಈ ಲೆನ್ಸ್ ಬೇಕಾದಷ್ಟು ಸಿಗುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯಾ ನೋಡಿ, ನಿಮ್ಮ ಕ್ಯಾಮೆರಾಕ್ಕೇ ಹಾಕಿ ಹತ್ತಿರ-ದೂರ ಎರಡಕ್ಕೂ ಫೋಕಸ್ ಓಡಿಸಿ ನೋಡಿ. ಅಂಗಡಿಯವರ ಮುಖವನ್ನೇ ಎಫ್/1.8ರಲ್ಲಿ ಒಂದು ತೆಗೆದು, ಕಣ್ಣಿನ ರೆಪ್ಪೆಯವರೆಗೆ ದೊಡ್ಡದು ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.